ಹಳೇ ಡಿ80 ಡೋಜರ್: ಎಡಗಡೆ ಚೈನು ಪದೇಪದೇ ಕಳಚುತ್ತಿದೆ, ಸ್ಪ್ರಾಕೆಟ್ ಹಲ್ಲು ಒಂದೇ ಪಕ್ಕ ಸವೆದಿದೆ

ಉಸಗಾಂವ್ ಯಾರ್ಡ್ (ಗೋವಾ)

ಮಷೀನು ಬಿಇಎಂಎಲ್ ಡಿ80ಎ-12. ಗ್ರೀಸ್ ಹೊಡೆದು ಟೈಟ್ ಮಾಡುವ ಅಡ್ಜಸ್ಟರ್, ಹಳೇ ಮಾದರಿಯ ಡ್ರೈ ಚೈನು (ಪಿನ್ನು ಬುಶ್ಶಿನ ನಡುವೆ ಎಣ್ಣೆ ಇಲ್ಲದ್ದು). 2018ರ ಮಾರ್ಚ್‌ನಲ್ಲಿ ಗೋವಾದ ಗಣಿಗಳು ನಿಂತಾಗ ಯಾರ್ಡಿಗೆ ಬಂದ ಗಾಡಿ. ಆಮೇಲೆ ಅಷ್ಟಿಷ್ಟು ಓಡಿಸಿದ್ದು ಬಿಟ್ಟರೆ ಮಳೆ ಬಿಸಿಲಿನಲ್ಲೇ ನಿಂತಿತ್ತು. ಈಗ ರಿಜೆಕ್ಷನ್ ಡಂಪ್ (ಗಣಿಯ ತ್ಯಾಜ್ಯ ಮಣ್ಣಿನ ರಾಶಿ) ಸಮ ಮಾಡುವ ಕೆಲಸಕ್ಕೆ ಹಾಕಿದ್ದಾರೆ.

ತೊಂದರೆ ಎಡಗಡೆ ಮಾತ್ರ. ಇಳಿಜಾರಿನಲ್ಲಿ ಅಡ್ಡ ನಿಂತು ರಿವರ್ಸ್‌ನಲ್ಲಿ ತಿರುಗಿಸಿದರೆ ಚೈನು ಕಳಚುತ್ತದೆ. ಎಡ ಸ್ಪ್ರಾಕೆಟ್ (ಚೈನನ್ನು ಎಳೆಯುವ ಹಿಂದಿನ ಹಲ್ಲುಚಕ್ರ) ಹಲ್ಲಿನ ಒಳಪಕ್ಕ, ಅಂದರೆ ಗಾಡಿಯ ಹೊಟ್ಟೆಯ ಕಡೆಯ ಮೈ, ಕನ್ನಡಿಯಂತೆ ಹೊಳೆಯುತ್ತಿದೆ. ಬೆರಳಿಟ್ಟರೆ ಮೆಟ್ಟಿಲು ಸಿಗುತ್ತದೆ. ಹೊರಪಕ್ಕದಲ್ಲಿ ಇನ್ನೂ ತುಕ್ಕು ಇದೆ. ಬಲಗಡೆ ಎರಡೂ ಪಕ್ಕ ಒಂದೇ ಸಮ.

ಒಬ್ಬರು ಚೈನು ಟೈಟ್ ಮಾಡಿ ಅನ್ನುತ್ತಾರೆ, ಇನ್ನೊಬ್ಬರು ರೋಲರ್ ಗಾರ್ಡಿಗೆ ಒಳಗಡೆಯಿಂದ ಪಟ್ಟಿ ವೆಲ್ಡ್ ಮಾಡಿ ಅನ್ನುತ್ತಾರೆ. ಎರಡೂ ನನಗೆ ಒಪ್ಪಿಗೆಯಾಗಿಲ್ಲ. ಮಳೆ ಹಿಡಿಯುವುದಕ್ಕೆ ಮುಂಚೆ ಮುಗಿಸಬೇಕು, ಆದ್ದರಿಂದ ಸುಮ್ಮನೆ ಎಲ್ಲವನ್ನೂ ಬಿಚ್ಚುವ ಹಾಗಿಲ್ಲ. ಮೊದಲು ಏನು ಅಳೆಯಬೇಕು, ಯಾವ ಕ್ರಮದಲ್ಲಿ?

ವಾಸ್ಕೊ ಆಪರೇಟರ್

ಚೈನು ಸಡಿಲ ಇದ್ರ ಕಳಚೇ ಕಳಚತೈತಿ. ನಾಕು ಪಂಪ್ ಗ್ರೀಸ್ ಹೊಡ್ದು ನೋಡ್ರಿ ಮೊದಲ.

ಭೋಸರಿ ಚೈನ್‌ಪ್ರೆಸ್ (ಪುಣೆ)

ಸಡಿಲ ಚೈನು ಕಳಚೂದು ಖರೇ. ಆದ್ರ ಹಲ್ಲು ಒಂದ ಪಕ್ಕ ತಿನ್ನೂದಕ್ಕ ಸಡಿಲ ಕಾರಣ ಅಲ್ರಿ. ಓರೆ ನಿಂತ ಚೈನು ಬಿಗಿ ಮಾಡಿದ್ರ ಕಳಚೂದು ಒಂದಿಷ್ಟು ದಿನ ನಿಲ್ಲತೈತಿ, ಅಷ್ಟರಾಗ ಬುಶ್ಶು, ಹಲ್ಲು, ಐಡ್ಲರ್ (ಮುಂದಿನ ಹಲ್ಲಿಲ್ಲದ ಚಕ್ರ) ಬೇರಿಂಗು, ಫೈನಲ್ ಡ್ರೈವ್ (ಸ್ಪ್ರಾಕೆಟ್ ತಿರಗಿಸೂ ಗೇರು) ಬೇರಿಂಗು ಎಲ್ಲಾಕ್ಕೂ ಭಾರ ಬೀಳತೈತಿ. ಗಾರ್ಡಿಗೆ ಪಟ್ಟಿ ಹಚ್ಚೂದಂತೂ ಬ್ಯಾಡ. ಚೈನು ಸ್ಪ್ರಾಕೆಟ್ ಬಿಟ್ಟು ಪಟ್ಟಿ ತಿನ್ನಾಕ ಶುರು ಮಾಡತೈತಿ, ಲಿಂಕಿನ ಹೊರಮೈ ಹೋಗತೈತಿ. ಅದ ನೆಪದಾಗ ರೋಲರ್ ಹತ್ರ ವೆಲ್ಡಿಂಗ್ ಮಾಡಿದ್ರ ಒಳಗಿನ ಸೀಲಿನ ರಬ್ಬರ್ ರಿಂಗು ಸುಟ್ಟು ಎಣ್ಣಿ ಸೋರತೈತಿ. ಇದ್ದ ರೋಗದ ಮ್ಯಾಲ ಇನ್ನೊಂದು ರೋಗ.

ಏನೂ ಬಿಚ್ಚೂದಕ್ಕಿಂತ ಮೊದಲ ಸವೆತ ಓದ್ರಿ. ಬಾಟಮ್ ರೋಲರ್, ಟಾಪ್ ರೋಲರ್, ಐಡ್ಲರ್ ಎಲ್ಲಾ ಟ್ರ್ಯಾಕ್ ಫ್ರೇಮಿಗೆ ಕಟ್ಟಿದ್ದು. ಸ್ಪ್ರಾಕೆಟ್ ಒಂದ ಫೈನಲ್ ಡ್ರೈವಿಗೆ ಸೇರಿದ್ದು. ಹಲ್ಲಿನ ಒಂದ ಪಕ್ಕ ಸವೆದು, ಜೋಡಿಗೆ ಹಿಂದಿನ ಒಂದೆರಡು ಬಾಟಮ್ ರೋಲರಿನ ಫ್ಲ್ಯಾಂಜೂ (ಪಕ್ಕದ ಎದ್ದ ಅಂಚು) ಒಂದ ಪಕ್ಕ ಸವೆದು, ಐಡ್ಲರಿನ ನಡುವಿನ ಏಣು ಎರಡೂ ಕಡೆ ಸಮ ಇತ್ತಂದ್ರ ಜಗಳ ಫ್ರೇಮಿಗೂ ಸ್ಪ್ರಾಕೆಟ್ಟಿಗೂ ಅಂತ ತಿಳೀರಿ. ಐಡ್ಲರ್ ಏಣು ಒಂದ ಪಕ್ಕ, ಮುಂದಿನ ರೋಲರ್ ಫ್ಲ್ಯಾಂಜು ಒಂದ ಪಕ್ಕ ಸವೆದು ಸ್ಪ್ರಾಕೆಟ್ ಚಲೋ ಇದ್ರ ಐಡ್ಲರಿನ ಗೈಡ್ ಪ್ಲೇಟು, ಶಿಮ್ಮು (ಸಂದಿಗೆ ಹಾಕೂ ತೆಳು ತಗಡು), ಇಲ್ಲಾ ಯೋಕ್ (ಐಡ್ಲರ್ ಹಿಡಿದ ಕವಲು) ಬಗ್ಗಿದ್ದು. ನಡುವಿನ ಯಾವುದೋ ಒಂದ ರೋಲರ್ ಸವೆದಿದ್ರ ಅದರ ಬೋಲ್ಟು ಸಡಿಲ ಇಲ್ಲಾ ಶಾಫ್ಟು ಬಗ್ಗೈತಿ. ಎಲ್ಲಾ ಕಡೆ, ಎರಡೂ ಪಕ್ಕ ಸವೆದಿದ್ರ ಅದು ಚೈನಿನ ದೋಷ: ಪಿನ್ನು ಬುಶ್ಶು ಸವೆದು ಚೈನು ಹಾವಿನಂಗ ಓಡಾಡತಿರತೈತಿ. ಗಾಡಿ ನೆಟ್ಟಗ ಓಡಿಸಿ ಹಿಂದ ನಿಂತು ನೋಡಿದ್ರ ಅದು ಕಣ್ಣಿಗೇ ಕಾಣತೈತಿ.

ಇನ್ನೊಂದು ಮಾತು. ಹಳೇ ಗಾಡಿಯೊಳಗ ರೋಲರ್ ಬದಲಿ ಮಾಡಿದವರು ಸಿಂಗಲ್ ಫ್ಲ್ಯಾಂಜ್, ಡಬಲ್ ಫ್ಲ್ಯಾಂಜ್ ಜಾಗ ಅದಲುಬದಲು ಮಾಡಿರತಾರ. ಸ್ಪ್ರಾಕೆಟ್ಟಿಗೆ ಹತ್ತಿದ ಕೊನೇ ರೋಲರ್ ಸಿಂಗಲ್ಲೇ ಇರಬೇಕು. ಉಳಿದದ್ದರ ಕ್ರಮ ಪಾರ್ಟ್ಸ್ ಪುಸ್ತಕದಾಗ ನೋಡಿ ಎಡ ಬಲ ತಾಳೆ ಹಾಕ್ರಿ. ಐದು ನಿಮಿಷದ ಕೆಲಸ.

ತಳೋಜಾ ಲೆವೆಲ್ (ನವಿ ಮುಂಬೈ)

ಭೋಸರಿಯವರು ಹೇಳಿದ್ದು ಸರಿ. ಸವೆತ ನೋಡಿ ಆದ ಮೇಲೆ ಅಳತೆ. ಕ್ರಮವಾಗಿ ಹೋಗಿ ಮಾರಾಯ್ರೇ, ನಡುವಿನಿಂದ ಶುರು ಮಾಡಿದರೆ ಒಂದು ಅಳತೆ ಇನ್ನೊಂದನ್ನು ಕೆಡಿಸುತ್ತದೆ.

ಗಾಡಿ ತೊಳೆಯುವ ಮೊದಲು ಚೈನಿನ ಜೋಲು ಅಳೆಯಿರಿ. ಗೋವಾದ ಕೆಂಪು ಮಣ್ಣು ಹಲ್ಲಿನ ಬುಡದಲ್ಲಿ ಗಟ್ಟಿಯಾಗಿ ಕೂತರೆ ಚೈನು ತಾನಾಗಿಯೇ ಬಿಗಿಯುತ್ತದೆ. ತೊಳೆದ ಮೇಲೆ ಅಳೆದು ಟೈಟ್ ಮಾಡಿದರೆ ಕೆಲಸದ ಹೊತ್ತಿನಲ್ಲಿ ಅದು ಅತಿಯಾಗುತ್ತದೆ. ಗಟ್ಟಿ ನೆಲದಲ್ಲಿ ನಿಧಾನ ಮುಂದಕ್ಕೆ ಓಡಿಸಿ, ಬ್ರೇಕ್ ಹಾಕದೆ ತಾನೇ ನಿಲ್ಲಲು ಬಿಡಿ. ಟಾಪ್ ರೋಲರಿನಿಂದ ಐಡ್ಲರಿನವರೆಗೆ ಪ್ಲೇಟುಗಳ ಏಣಿನ ಮೇಲೆ ನೇರ ಪಟ್ಟಿ ಇಟ್ಟು ನಡುವಿನ ಸಂದು ನೋಡಿ. ಈ ವರ್ಗದ ಗಾಡಿಗೆ 20ರಿಂದ 30 ಮಿಮೀ.

ಆಮೇಲೆ ಚೈನಿನ ಉದ್ದ. ಚೈನು ಬಿಗಿದು ನಿಂತ ಜಾಗದಲ್ಲಿ, ಮಾಸ್ಟರ್ ಪಿನ್ (ಚೈನು ಬಿಚ್ಚಿ ಕೂಡಿಸುವ ಪಿನ್ನು) ಬಿಟ್ಟು, ನಾಲ್ಕು ಲಿಂಕುಗಳನ್ನು ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ ಅಳೆಯಿರಿ. ಪಿಚ್ 216 ಮಿಮೀ, ಅಂದರೆ ಹೊಸದರಲ್ಲಿ 864. ಒಂದೊಂದು ಪಿಚ್ 219 ಆಯಿತೆಂದರೆ, ನಾಲ್ಕಕ್ಕೆ 876, ಚೈನಿನ ಆಯುಸ್ಸು ಮುಗಿಯಿತು ಎಂದು ಲೆಕ್ಕ.

ಮೂರನೆಯದು ಐಡ್ಲರಿನ ಪಕ್ಕದ ಸಂದು. ಒಂದೆರಡು ಮೀಟರ್ ಓಡಿಸಿ ನಿಲ್ಲಿಸಿ, ಗೈಡ್ ಪ್ಲೇಟಿಗೂ ಫ್ರೇಮಿಗೂ ನಡುವೆ ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ, ಒಳಗೆ ಹೊರಗೆ ಎರಡೂ ಕಡೆ. ಒಂದು ಪಕ್ಕಕ್ಕೆ 0.5ರಿಂದ 1 ಮಿಮೀ ಇರಬೇಕು, 4 ದಾಟಿದರೆ ಶಿಮ್ ತೆಗೆದು ಸರಿ ಮಾಡಬೇಕು. ಬೋಲ್ಟನ್ನು ಪೂರ್ತಿ ಬಿಚ್ಚಬೇಡಿ, ಮೂರು ಸುತ್ತು ಸಾಕು, ಶಿಮ್ ಹೊರಗೆ ಬರುತ್ತದೆ.

ನಾಲ್ಕನೆಯದೇ ಮುಖ್ಯ, ಅದಕ್ಕೆ ಎಡ ಚೈನು ಬಿಚ್ಚಿ ನೆಲಕ್ಕೆ ಹಾಸಬೇಕು. ಗ್ರೀಸ್ ಬಿಡುವಾಗ ಅಡ್ಜಸ್ಟರಿನ ಲೂಬ್ರಿಕೇಟರನ್ನು (ಗ್ರೀಸ್ ಬಾಯಿಯನ್ನು) ಒಂದೇ ಸುತ್ತು ಸಡಿಲಿಸಿ, ಮುಖ ಅದರ ನೇರಕ್ಕೆ ತರಬೇಡಿ, ಒಳಗಿನ ಒತ್ತಡಕ್ಕೆ ಗ್ರೀಸ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗ್ರೀಸ್ ಬಂದರೂ ಐಡ್ಲರ್ ಹಿಂದೆ ಸರಿಯದಿದ್ದರೆ ಯೋಕ್ ತುಕ್ಕಿನಿಂದ ಫ್ರೇಮಿಗೆ ಅಂಟಿದೆ ಎಂದು ಅರ್ಥ. ನಿಂತ ಗಾಡಿಗಳಲ್ಲಿ ಇದು ಮಾಮೂಲು. ಜಾರುಮೈಗೆ ಡೀಸೆಲ್ ಬಿಟ್ಟು ಒಂದು ರಾತ್ರಿ ಇಡಿ, ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಆಡಿಸಿ. ಏನೇ ಆದರೂ ಐಡ್ಲರಿನ ಹಿಂದೆ ಪೆಟ್ಟು ತಡೆಯುವ ರಿಕಾಯಿಲ್ ಸ್ಪ್ರಿಂಗಿನ ನಟ್ಟಿಗೆ ಕೈ ಹಾಕಬೇಡಿ. ಅದು ಟನ್‌ಗಟ್ಟಲೆ ಒತ್ತಿ ಕೂರಿಸಿದ ಸ್ಪ್ರಿಂಗು, ಬಿಚ್ಚುವುದಕ್ಕೆ ಪ್ರೆಸ್ ಬೇಕು.

ಚೈನು ಹಾಸಿದ ಮೇಲೆ ಸ್ಪ್ರಾಕೆಟ್ಟಿನ ಮುಂದಿನ ಹಲ್ಲು ಮತ್ತು ಹಿಂದಿನ ಹಲ್ಲಿನ ದಪ್ಪದ ನಡುವನ್ನು ಗುರುತು ಮಾಡಿ. ಸವೆದ ಮೈಯಿಂದ ಅಳೆಯಬೇಡಿ, ಹಲ್ಲಿನ ಬುಡದ ಸವೆಯದ ಅಗಲದಿಂದ ನಡು ತೆಗೆಯಿರಿ. ಆ ಎರಡು ಬಿಂದುಗಳ ನೇರಕ್ಕೆ ಪಿಯಾನೊ ತಂತಿಯನ್ನು ಐಡ್ಲರ್ ದಾಟಿ ಮುಂದಕ್ಕೆ ಬಿಗಿದು ಕಟ್ಟಿ. ಈ ತಂತಿಯಿಂದ ಪ್ರತಿಯೊಂದು ರೋಲರಿನ ನಡು, ಐಡ್ಲರ್ ಏಣಿನ ನಡು ಎಷ್ಟು ದೂರ ಅಂತ ಬರೆದುಕೊಳ್ಳಿ. ಎಲ್ಲ ಕಡೆ ಒಂದೇ ಅಂಕಿ ಬಂದರೆ ಫ್ರೇಮು ಇಡಿಯಾಗಿ ಪಕ್ಕಕ್ಕೆ ಸರಿದಿದೆ. ಮುಂದೆ ಹೋದಂತೆ ಅಂಕಿ ಬೆಳೆದರೆ ಫ್ರೇಮು ಓರೆ. ಇದಕ್ಕೆ ಮೊದಲು ಸ್ಪ್ರಾಕೆಟ್ಟಿಗೆ ಡಯಲ್ ಗೇಜ್ (ಸಣ್ಣ ಚಲನೆ ತೋರಿಸುವ ಮುಳ್ಳಿನ ಗೇಜು) ಹಚ್ಚಿ ತಿರುಗಿಸಿ, ಬಾರ್ ಹಾಕಿ ಮೀಟಿಯೂ ನೋಡಿ. ಸ್ಪ್ರಾಕೆಟ್ಟೇ ಓಲಾಡುತ್ತಿದ್ದರೆ ತಂತಿಯ ಅಳತೆಗೆ ಅರ್ಥವಿಲ್ಲ, ಹಬ್ ಬೇರಿಂಗ್ ಕಡೆ ಹೋಗಬೇಕು.

ಉಸಗಾಂವ್ ಯಾರ್ಡ್ (ಗೋವಾ)

ಅಳತೆಗಳು ಬಂದಿವೆ. ಎಡ ಚೈನಿನ ಜೋಲು 55 ಮಿಮೀ, ಬಲದ್ದು 30. ನಾಲ್ಕು ಪಿಚ್ ಎಡಕ್ಕೆ 872, ಬಲಕ್ಕೆ 870. ಎಡ ಐಡ್ಲರಿನ ಸಂದು ಒಳಗೆ 1, ಹೊರಗೆ 5. ರೋಲರ್ ಕ್ರಮ ಸರಿ ಇದೆ. ಹಿಂದಿನ ಎರಡು ರೋಲರಿನ ಒಳಗಡೆಯ ಫ್ಲ್ಯಾಂಜ್ ತೆಳುವಾಗಿದೆ, ಐಡ್ಲರ್ ಏಣು ಹೆಚ್ಚುಕಡಿಮೆ ಸಮ. ಸ್ಪ್ರಾಕೆಟ್ ಓಲಾಟ 1 ಮಿಮೀ, ಬಾರ್ ಹಾಕಿದರೆ ಏನೂ ಆಡುವುದಿಲ್ಲ.

ತಂತಿಯಿಂದ ದೂರ, ಎಲ್ಲವೂ ಹೊರಕ್ಕೆ: ಕೊನೇ ರೋಲರ್ 1.5 ಮಿಮೀ, ಮೊದಲ ರೋಲರ್ 8, ಐಡ್ಲರ್ 11. ಸ್ಪ್ರಾಕೆಟ್ ನಡುವಿನಿಂದ ಕೊನೇ ರೋಲರಿಗೆ 0.45 ಮೀಟರ್, ಮೊದಲ ರೋಲರಿಗೆ 2.3, ಐಡ್ಲರಿಗೆ 2.75. ಐಡ್ಲರ್ ಶಿಮ್ ಸರಿ ಮಾಡಿದರೆ ಸಾಕೋ?

ತಳೋಜಾ ಲೆವೆಲ್ (ನವಿ ಮುಂಬೈ)

ಸಾಲದು. ನಿಮ್ಮ ಅಂಕಿಗಳೇ ಹೇಳುತ್ತಿವೆ. 2.3 ಮೀಟರಿಗೆ 8 ಮಿಮೀ ಎಂದರೆ ಮೀಟರಿಗೆ ಸುಮಾರು 3.5. ಆ ಲೆಕ್ಕದಲ್ಲಿ ಕೊನೇ ರೋಲರಿನಲ್ಲಿ 1.6 ಬರಬೇಕು, ನಿಮಗೆ 1.5 ಬಂದಿದೆ. ಹಾಗಾಗಿ ಫ್ರೇಮು ಪಕ್ಕಕ್ಕೆ ಸರಿದಿಲ್ಲ, ಹಿಂದಿನ ತುದಿ ತನ್ನ ಜಾಗದಲ್ಲೇ ಇದ್ದು ಮೂತಿ ಹೊರಗೆ ತಿರುಗಿದೆ. ಐಡ್ಲರಿನಲ್ಲಿ 9.6 ಬರಬೇಕಿತ್ತು, 11 ಬಂದಿದೆ. ಹೆಚ್ಚಾದ ಒಂದೂವರೆ ಮಿಮೀ ಮಾತ್ರ ಶಿಮ್ಮಿನ ಪಾಲು. ಶಿಮ್ ಸರಿ ಮಾಡಿದರೆ 11ರಲ್ಲಿ ಅಷ್ಟೇ ಇಳಿಯುವುದು.

ಹಲ್ಲಿನ ಒಳಪಕ್ಕ ಯಾಕೆ ಸವೆಯಿತು ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಮೂತಿ ಹೊರಗೆ ಹೋದಾಗ ಸ್ಪ್ರಾಕೆಟ್ಟಿಗೆ ಬರುವ ಚೈನು ಹೊರಗಿನಿಂದ ಓರೆಯಾಗಿ ಬರುತ್ತದೆ, ಒಳಸಾಲಿನ ಲಿಂಕು ಹಲ್ಲಿನ ಒಳಮೈಗೆ ಉಜ್ಜುತ್ತದೆ. ಅದೇ ಹೊತ್ತಿಗೆ ಸ್ಪ್ರಾಕೆಟ್ಟು ಚೈನನ್ನು ಒಳಕ್ಕೆ ಎಳೆಯುವುದರಿಂದ ಹಿಂದಿನ ರೋಲರುಗಳ ಒಳ ಫ್ಲ್ಯಾಂಜ್ ತೆಳುವಾಗುತ್ತದೆ. ಐಡ್ಲರು ಫ್ರೇಮಿನ ಜೊತೆಗೇ ಹೋಗುವುದರಿಂದ ಅದಕ್ಕೆ ಏನೂ ಗೊತ್ತಾಗುವುದಿಲ್ಲ.

ಈಗ ಉಳಿದ ಪ್ರಶ್ನೆ ಒಂದೇ: ಫ್ರೇಮು ಅಥವಾ ಡಯಾಗನಲ್ ಬ್ರೇಸ್ (ಫ್ರೇಮು ಪಕ್ಕಕ್ಕೆ ತಿರುಗದಂತೆ ಗಾಡಿಗೆ ಹಿಡಿಯುವ ಓರೆ ತೋಳು) ಬಗ್ಗಿದೆಯೋ, ಬ್ರೇಸಿನ ಬುಶ್ ಸವೆದಿದೆಯೋ. ಬ್ಲೇಡು ಊರಿ ಗಾಡಿಯ ಮುಂಭಾಗ ಎತ್ತಿ, ಹೊಟ್ಟೆಯ ಕೆಳಗೆ ಮರದ ದಿಮ್ಮಿ ಕೊಟ್ಟು ಫ್ರೇಮಿನ ಮೂತಿಯ ಭಾರ ಇಳಿಸಿ. ಬ್ಲೇಡಿನ ಹೈಡ್ರಾಲಿಕ್ ನಂಬಿ ಕೆಳಗೆ ಹೋಗಬೇಡಿ. ಎರಡು ಫ್ರೇಮಿನ ಮೂತಿಗಳ ನಡುವೆ ಚೈನ್ ಬ್ಲಾಕ್ ಹಾಕಿ ಎಡದ್ದನ್ನು ಒಳಕ್ಕೆ ಎಳೆದು ತಂತಿಯಿಂದ ಮತ್ತೆ ಅಳೆಯಿರಿ. ಆಮೇಲೆ ಅದೇ ಜಾಗದಲ್ಲಿ ಜಾಕಿ ಅಡ್ಡ ಕೊಟ್ಟು ಹೊರಕ್ಕೆ ತಳ್ಳಿ ಅಳೆಯಿರಿ. ಎಳೆದಾಗ ಅಂಕಿ ಇಳಿದರೆ ಬುಶ್ಶಿನ ಆಟ. ಎಷ್ಟು ಎಳೆದರೂ 8 ಹಾಗೇ ನಿಂತರೆ ಕಬ್ಬಿಣವೇ ಬಗ್ಗಿದೆ. ಎರಡೂ ಸಲ ಬ್ರೇಸಿನ ಕ್ಯಾಪಿಗೆ ಡಯಲ್ ಗೇಜ್ ಹಚ್ಚಿರಿ, ಹಿಂದು ಮುಂದಿನ ಚಲನೆ ಕಾಣುವ ಹಾಗೆ.

ಉಸಗಾಂವ್ ಯಾರ್ಡ್ (ಗೋವಾ)

ಒಳಕ್ಕೆ ಎಳೆದಾಗ ಮೊದಲ ರೋಲರ್ 0.5, ಐಡ್ಲರ್ 2. ಹೊರಕ್ಕೆ ತಳ್ಳಿದರೆ ಮತ್ತೆ 8 ಮತ್ತು 11. ಬ್ರೇಸ್ ಕ್ಯಾಪಿನಲ್ಲಿ ಗೇಜ್ 2.4 ಮಿಮೀ ಓಡಿತು. ಸ್ಪ್ರಾಕೆಟ್ ಶಾಫ್ಟಿನ ಹೊರ ಬೇರಿಂಗಿಗೂ ಬ್ರೇಸ್ ಬೇರಿಂಗಿಗೂ ನಡುವೆ 740 ಮಿಮೀ. ಬ್ರೇಸಿನ ಗ್ರೀಸ್ ನಿಪ್ಪಲ್ ಮಣ್ಣಿನ ಹೆಂಟೆಯ ಒಳಗೆ ಹೂತಿತ್ತು, ಗ್ರೀಸ್ ಒಳಗೆ ಹೋಗುತ್ತಿಲ್ಲ.

ತಳೋಜಾ ಲೆವೆಲ್ (ನವಿ ಮುಂಬೈ)

ಮುಗಿಯಿತು ನೋಡಿ. 740 ಮಿಮೀ ಅಂತರದಲ್ಲಿ 2.4 ಮಿಮೀ ಆಟ ಎಂದರೆ 2.3 ಮೀಟರ್ ಮುಂದೆ ಏಳೂವರೆ. ನೀವು ಅಳೆದ ವ್ಯತ್ಯಾಸವೂ ಅದೇ. ಫ್ರೇಮು ನೆಟ್ಟಗಿದೆ, ಬ್ರೇಸ್ ಬುಶ್ ಹೋಗಿದೆ. ಇಳಿಜಾರಿನಲ್ಲಿ ತಿರುಗಿಸುವಾಗಲೇ ಕಳಚುತ್ತಿದ್ದುದೂ ಇದಕ್ಕೇ, ಪಕ್ಕದ ಭಾರ ಬಿದ್ದಾಗ ಆಟ ಪೂರ್ತಿ ಒಂದು ಕಡೆಗೆ ಹೋಗುತ್ತದೆ. ರಿವರ್ಸ್‌ನಲ್ಲಿ ಚೈನಿನ ಮೇಲಿನ ಸಾಲು ಬಿಗಿಯುತ್ತದೆ, 55 ಮಿಮೀ ಜೋಲು ಅಷ್ಟೂ ಕೆಳಗೆ ಐಡ್ಲರಿನ ಹತ್ತಿರ ಸೇರುತ್ತದೆ. ಅಲ್ಲಿಂದ ಕಳಚುವುದಕ್ಕೆ ಒಂದು ಕಲ್ಲು ಸಾಕು. ವಾಸ್ಕೊದವರು ಹೇಳಿದ ಸಡಿಲದ ಮಾತಿನಲ್ಲಿಯೂ ಹಾಗಾಗಿ ಸತ್ಯ ಇದೆ, ಆದರೆ ಅದು ಎರಡನೇ ಕಾರಣ.

ಭೋಸರಿ ಚೈನ್‌ಪ್ರೆಸ್ (ಪುಣೆ)

ಬುಶ್ ಕೆಲಸ ಹೇಳತೀನಿ. ಫ್ರೇಮಿನ ಕೆಳಗೂ ಸ್ಟೀರಿಂಗ್ ಕೇಸಿನ (ಗಾಡಿಯ ಹಿಂದಿನ ಪೆಟ್ಟಿಗಿ) ಕೆಳಗೂ ಬ್ಯಾರೆಬ್ಯಾರೆ ದಿಮ್ಮಿ ಕೊಟ್ಟ ಮ್ಯಾಲ ಬ್ರೇಸ್ ಕ್ಯಾಪ್ ಬಿಚ್ರಿ. ಬುಶ್ ಒಂದ ನೋಡಿ ಸುಮ್ಮನಾಗಬ್ಯಾಡ್ರಿ, ಅದು ಕೂಡೂ ಶಾಫ್ಟಿನ ಮೈ ಮೈಕ್ರೋಮೀಟರಿನಿಂದ ಹಿಂದು ಮುಂದು ಒಮ್ಮೆ, ಮ್ಯಾಲ ಕೆಳಗ ಒಮ್ಮೆ ಅಳೀರಿ. ಗ್ರೀಸ್ ಇಲ್ಲದ ಓಡಿದ ಗಾಡಿಯೊಳಗ ಶಾಫ್ಟು ಮೊಟ್ಟಿ ಆಕಾರ ಆಗಿರತೈತಿ. ಎರಡು ಅಳತಿ ನಡುವ 0.3 ಮಿಮೀಗಿಂತ ಹೆಚ್ಚು ಫರಕ್ ಇದ್ರ ಹೊಸ ಬುಶ್ ಹಾಕಿದ್ರೂ ಉಳಿಯೂದಿಲ್ಲ, ಮೊದಲ ಶಾಫ್ಟಿನ ಮೈ ತುಂಬಿ ದುಂಡಗ ಮಾಡಬೇಕು. ಶಾಫ್ಟು ಗಾಡಿಯೊಳಗ ಇರೂದರಿಂದ ಅದನ್ನ ಲೇತಿಗೆ ಒಯ್ಯಾಕ ಆಗೂದಿಲ್ಲ. ಮೈಗೆ ತೆಳು ತೋಳು (ಸ್ಲೀವ್) ಹಾಕೂದು, ಇಲ್ಲಾ ಜಾಗದಾಗ ಟರ್ನಿಂಗ್ ಮಾಡೂ ಪೋರ್ಟಬಲ್ ಮಷೀನ್ ಕರಸೂದು.

ಫರಕ್ ಕಡಿಮಿ ಇದ್ರ ಸೀದಾ ಹೊಸ ಬುಶ್. ಕಂಪನಿ ಮಾಲು ಸಿಗಲಿಲ್ಲಂದ್ರ ಫಾಸ್ಫರ್ ಬ್ರಾಂಝ್ ತಗೊಂಡು ಶಾಫ್ಟಿನ ಈಗಿನ ಅಳತಿಗೆ ತಿರಗಿಸ್ರಿ, 0.3ರಿಂದ 0.4 ಮಿಮೀ ಸಡಿಲ ಬಿಡ್ರಿ. ಒಳಗ ಗ್ರೀಸ್ ಓಡೂ ಕಾಲಿವಿ ಕಡಿಸೂದು ಮರೀಬ್ಯಾಡ್ರಿ, ಹಳೇ ಬುಶ್ಶಿನ ತೂತಿಗೆ ಹೊಸದರ ತೂತು ಕೂಡಬೇಕು. ಗೋವಾದಾಗ ದೊಡ್ಡ ಲೇತ್ ಸಿಗಲಿಲ್ಲಂದ್ರ ಬೆಳಗಾವಿ ಉದ್ಯಮಬಾಗಕ್ಕ ಕಳಸ್ರಿ, ಪುಣೆಕ್ಕಿಂತ ಹತ್ರ.

ಬ್ರೇಸಿನ ಮೊಣಕಾಲು, ಫ್ರೇಮಿಗೆ ಕೂಡೂ ಬೆಸುಗೆ, ಎರಡಕ್ಕೂ ಬಿರುಕು ಪರೀಕ್ಷೆ ಮಾಡ್ರಿ, ಬಿರುಕು ತೋರಿಸೂ ಡೈ (ಬಣ್ಣ) ಹಚ್ಚಿದ್ರ ಸಾಕು. ಬಿರುಕಿದ್ರ ಪೂರ್ತಿ ಬುಡದ ತನಕ ಗ್ರೈಂಡ್ ಮಾಡಿ, 150 ಡಿಗ್ರಿ ಕಾಸಿ, ಒಣಗಿಸಿದ 7018 ವೆಲ್ಡಿಂಗ್ ರಾಡಿನಿಂದ ತುಂಬ್ರಿ. ಮಳಿಗಾಲದ ಗೋವಾದಾಗ ಬಿಚ್ಚಿಟ್ಟ ರಾಡು ಒಂದ ದಿನದಾಗ ನೀರು ಕುಡೀತಾವು, ಓವನ್ನಿನಾಗ ಕಾಸದ ಹಚ್ಚಿದ್ರ ಬೆಸುಗೆ ಮತ್ತ ಬಿಡತೈತಿ.

ಕಡೀಕ ಐಡ್ಲರ್. ಹೊರಗಿನ 5ರಲ್ಲಿ 4 ಮಿಮೀ ಶಿಮ್ ತಗೀರಿ, 1 ಮಿಮೀ ಉಳೀಲಿ. ಗೈಡ್ ಪ್ಲೇಟೇ ಸವೆದು ಓರೆ ಆಗಿದ್ರ ಶಿಮ್ಮಿನಿಂದ ಸರಿ ಆಗೂದಿಲ್ಲ, ಪ್ಲೇಟು ಬದಲಿ. ಆಮೇಲೆ ಚೈನು ಹಾಕೂದಕ್ಕಿಂತ ಮೊದಲ ತಂತಿ ಮತ್ತ ಕಟ್ಟಿ ನೋಡ್ರಿ. ಒಳಕ್ಕೆಳೆದ್ರೂ ಹೊರಗ ತಳ್ಳಿದ್ರೂ ಮೊದಲ ರೋಲರಿನ್ಯಾಗ ಒಂದೂವರಿ ಮಿಮೀ ಒಳಗ ಇದ್ರ ಬಂದ್ ಮಾಡ್ರಿ.

ವಾಸ್ಕೊ ಆಪರೇಟರ್

ಚೈನು ಹ್ಯಾಂಗೂ ಬಿಚ್ಚೈತಿ. ಇದ ಖರ್ಚಿನಾಗ ಪಿನ್ನು ಬುಶ್ಶು ತಿರುವಿ (ಸವೆಯದ ಪಕ್ಕ ಭಾರಕ್ಕ ಬರೂ ಹಂಗ) ಹಾಕಿಸಿದ್ರ ಚಲೋ ಅಲ್ಲೇನು?

ಭೋಸರಿ ಚೈನ್‌ಪ್ರೆಸ್ (ಪುಣೆ)

ನನ್ನ ಅಂಗಡಿಗೆ ಅದು ಕೆಲಸ, ಆದ್ರೂ ಬ್ಯಾಡ ಅಂತೀನಿ. 864ರಿಂದ 872, ಅಂದ್ರ 12 ಮಿಮೀ ಆಯುಸ್ಸಿನಾಗ 8 ಮುಗದೈತಿ. ತಿರುವಿದ್ರ ಪಿಚ್ ಹೊಸದರ ಹತ್ರ ಬರತೈತಿ, ಆದ್ರ ನಿಮ್ಮ ಸ್ಪ್ರಾಕೆಟ್ ಉದ್ದಾದ ಚೈನಿಗೆ ತಕ್ಕಂಗ ಸವೆದೈತಿ. ಆ ಹಲ್ಲಿಗೆ ತಿರುವಿದ ಚೈನು ಹಾಕಿದ್ರ ಬುಶ್ಶು ಹಲ್ಲಿನ ತಲಿ ಮ್ಯಾಲ ಹತ್ತಿ ಜಾರತೈತಿ, ಟಕ್ ಟಕ್ ಸದ್ದು ಬರತೈತಿ, ಬುಶ್ಶು ಒಡೀತಾವು. ತಿರುವಿಸಿದ್ರ ಸ್ಪ್ರಾಕೆಟ್ಟೂ ಬದಲಿ ಮಾಡಬೇಕು, ಬಲಗಡಿದೂ ಜೋಡಿಗೇ ಮಾಡಬೇಕು. ಅಷ್ಟು ರೊಕ್ಕ ಈ ಗಾಡಿಗೆ ಹಾಕೂದು ಮಾಲೀಕರ ವಿಚಾರ.

ತಿರುವೂ ಹಂಗಿದ್ರ ಮೊದಲ ಬುಶ್ಶಿನ ಹೊರಮೈ ಮೂರು ದಿಕ್ಕಿನಾಗ ಕ್ಯಾಲಿಪರ್ ಹಚ್ಚಿ ನೋಡ್ರಿ. ಕೂದಲೆಳಿ ಬಿರುಕು ಕಂಡ್ರ ತಿರುವೂ ಮಾತ ಇಲ್ಲ, ಪ್ರೆಸ್ಸಿನಾಗ ತಗಿಯೂವಾಗ ಸೀಳತಾವು. ಇಲ್ಲಂದ್ರ ಇದ್ದಂಗ 876ರ ತನಕ ಓಡಿಸಿ ಎರಡೂ ಚೈನು, ಎರಡೂ ಸ್ಪ್ರಾಕೆಟ್ ಒಮ್ಮೆಗೇ ಬದಲಿ ಮಾಡೂದು ಸೋವಿ. ಹಲ್ಲಿನ ಒಳಮೈ ಮೆಟ್ಟಿಲಿಗೆ ಅಂಜಬ್ಯಾಡ್ರಿ, ತುದಿ ಕತ್ತಿಯಂಗ ಆಗೂತನಕ ನಡೀತೈತಿ. ಮೆಟ್ಟಿಲಿನ ಚೂಪು ಅಂಚು ಮಾತ್ರ ಗ್ರೈಂಡರಿನಿಂದ ಸವರಿ ಬಿಡ್ರಿ, ಇಲ್ಲಾಂದ್ರ ನೇರ ಆದ ಚೈನನ್ನ ಮತ್ತ ಆ ಕಡೀಗೇ ಹಿಡೀತೈತಿ.

ಉಸಗಾಂವ್ ಯಾರ್ಡ್ (ಗೋವಾ)

ಶಾಫ್ಟಿನ ಎರಡು ಅಳತೆಯ ನಡುವೆ ವ್ಯತ್ಯಾಸ 0.2 ಮಿಮೀ, ಹಾಗಾಗಿ ಬುಶ್ ಮಾತ್ರ. ಮಾಲು ಚೋರ್ಲಾ ಘಾಟಿನ ದಾರಿಯಲ್ಲಿ ಬೆಳಗಾವಿಗೆ ಹೊರಟಿದೆ. ಬಲಗಡೆ ಬ್ರೇಸ್ ಕ್ಯಾಪಿಗೂ ಗೇಜ್ ಹಚ್ಚಿದೆವು, 0.7 ಬಂತು. ಅದನ್ನು ಬಿಡಬಹುದೇ?

ತಳೋಜಾ ಲೆವೆಲ್ (ನವಿ ಮುಂಬೈ)

ಬಿಡಬಹುದು. ಬಲಗಡೆ ಹಲ್ಲು ಎರಡೂ ಪಕ್ಕ ಸಮ ಇದೆ ಎಂದಿರಿ, ಅದು ಸಾಕು. ನಿಪ್ಪಲ್ ಬಿಚ್ಚಿ ದಾರಿ ತಂತಿಯಿಂದ ಸ್ವಚ್ಛ ಮಾಡಿ, ಹಳೇ ಗಟ್ಟಿ ಗ್ರೀಸ್ ಹೊರಗೆ ಬರುವವರೆಗೆ ಇಪಿ2 ದರ್ಜೆಯ ಹೊಸ ಗ್ರೀಸ್ ಹೊಡೆಯಿರಿ. ಮಳೆಗಾಲದಲ್ಲಿ ಎರಡೂ ಕಡೆಗೆ ದಿನಾ ಕೆಲಸ ಮುಗಿದ ಮೇಲೆ ಹೊಡೆಸಿ, ಬೆಳಗ್ಗೆ ಅಲ್ಲ. ಬಿಸಿಯಿದ್ದಾಗ ಹೊಡೆದ ಗ್ರೀಸ್ ರಾತ್ರಿ ನೀರು ಒಳಗೆ ಎಳೆಯುವುದನ್ನು ತಡೆಯುತ್ತದೆ. ನಿಪ್ಪಲ್ ಮಣ್ಣಿನಲ್ಲಿ ಹೂಳದ ಹಾಗೆ ಸಣ್ಣ ಪೈಪ್ ಹಾಕಿ ಹೊರಗೆ ತಂದರೆ ಹೆಲ್ಪರ್ ಬಿಟ್ಟುಹೋಗುವ ನೆಪ ಇರುವುದಿಲ್ಲ.

ಎಡ ಕ್ಯಾಪಿನ ಬೋಲ್ಟುಗಳನ್ನು ಹತ್ತು ಗಂಟೆ ಓಡಿದ ಮೇಲೆ ಟಾರ್ಕ್ ರೆಂಚ್ ಹಾಕಿ ಮತ್ತೆ ಬಿಗಿಯಿರಿ. ಹೊಸ ಬುಶ್ ಕೂತುಕೊಳ್ಳುವಾಗ ಅವು ಸಡಿಲವಾಗುತ್ತವೆ. ಚೈನಿನ ಜೋಲನ್ನೂ ಆವತ್ತೇ, ಮಣ್ಣು ತುಂಬಿರುವಾಗಲೇ ನೋಡಿ.